ಉಕ್ರೇನ್‌ಗೆ ನೆರವು: ಮಿತ್ರದೇಶಗಳ ಜನರ ಮನಸ್ಸನ್ನು ಅಂಕಿಗಳಲ್ಲಿ ಓದುವುದು ಹೇಗೆ?

2023ರ ಡಿಸೆಂಬರಿನಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಅಲ್ಲಿನ ಜನರಿಗೆ ಒಂದು ಪ್ರಶ್ನೆ ಕೇಳಿತು. ಉಕ್ರೇನ್‌ಗೆ ಅಮೆರಿಕ ಕೊಡುತ್ತಿರುವ ನೆರವು ಅತಿಯಾಯಿತೇ, ಸರಿಯಾಗಿದೆಯೇ, ಸಾಲದೇ? ಅತಿಯಾಯಿತು ಅಂದವರು ಶೇ 31. ಸರಿಯಾಗಿದೆ ಅಂದವರು ಶೇ 29. ಸಾಲದು ಅಂದವರು ಶೇ 18. ಉಳಿದವರಲ್ಲಿ ಹೆಚ್ಚಿನವರು ಖಚಿತವಾಗಿ ಏನೂ ಹೇಳಲಿಲ್ಲ.

ಈಗ ಇದಕ್ಕೊಂದು ತಲೆಬರಹ ಕೊಡಿ. ‘ನೆರವು ಅತಿಯಾಯಿತು ಎನ್ನುವವರೇ ಹೆಚ್ಚು’ ಎಂದು ಬರೆದರೆ ಸುಳ್ಳಲ್ಲ. ‘ಈಗಿನಷ್ಟಾದರೂ ಕೊಡಲೇಬೇಕು ಎನ್ನುವವರು ಶೇ 47’ ಎಂದು ಬರೆದರೂ ಸುಳ್ಳಲ್ಲ. ಒಂದೇ ಸಮೀಕ್ಷೆ, ಎರಡು ತದ್ವಿರುದ್ಧ ಸುದ್ದಿ. ‘ಉಕ್ರೇನ್‌ ಪರ ಬೆಂಬಲ ಕುಸಿತ’, ‘ಬೆಂಬಲ ಗಟ್ಟಿ’ ಎಂಬ ಸುದ್ದಿಗಳು ಒಂದೇ ವಾರದಲ್ಲಿ ಬರುವುದು ಹೀಗೆ. ಗೊಂದಲದ ಮೂಲ ಜನರ ಚಂಚಲ ಬುದ್ಧಿಯಲ್ಲ. ‘ಬೆಂಬಲ’ ಎಂಬ ಒಂದು ಪದದೊಳಗೆ ಹಲವು ಬೇರೆಬೇರೆ ಪ್ರಶ್ನೆಗಳಿವೆ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂಬುದನ್ನು ಸುದ್ದಿ ಹೇಳುವುದಿಲ್ಲ. ಆ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮಿತ್ರರು ಅಂದರೆ ಯಾರಿಗೆ ಮಿತ್ರರು?

ರಷ್ಯಾ 2022ರ ಫೆಬ್ರುವರಿ 24ರಂದು ಪಕ್ಕದ ಉಕ್ರೇನ್‌ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರುಮಾಡಿತು. ಅಂದಿನಿಂದ ‘ಮಿತ್ರರಾಷ್ಟ್ರಗಳು’ ಎಂಬ ಮಾತು ದಿನವೂ ಕೇಳುತ್ತಿದ್ದೇವೆ. ಆದರೆ ಆ ದೇಶಗಳು ಮಿತ್ರರಾಗಿರುವುದು ಮುಖ್ಯವಾಗಿ ಪರಸ್ಪರರಿಗೆ. 1949ರಲ್ಲಿ 12 ದೇಶಗಳು ಸೇರಿ ಕಟ್ಟಿದ ನ್ಯಾಟೊ ಎಂಬ ರಕ್ಷಣಾ ಕೂಟದಲ್ಲಿ ಈಗ 32 ಸದಸ್ಯರಿದ್ದಾರೆ. ಉಕ್ರೇನ್‌ ಅದರಲ್ಲಿಲ್ಲ.

ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮುಯ್ಯಿಗೆ ಸೇರಿದ ಮನೆಯವರು ಒಬ್ಬರ ಗದ್ದೆ ನಾಟಿಗೆ ಇನ್ನೊಬ್ಬರು ಹೋಗಲೇಬೇಕು, ಅದು ಬಾಕಿ. ಮುಯ್ಯಿಯಲ್ಲಿಲ್ಲದವನ ಗದ್ದೆಗೂ ಹೋಗಬಹುದು, ಆದರೆ ಅದು ಮನಸ್ಸಿನ ಮಾತು. ನ್ಯಾಟೊ ಒಪ್ಪಂದದ 5ನೇ ವಿಧಿ ಈ ಬಾಕಿಯನ್ನೇ ಹೇಳುತ್ತದೆ: ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಅಲ್ಲೂ ‘ಸೇನೆ ಕಳಿಸಲೇಬೇಕು’ ಎಂದಿಲ್ಲ. ಪ್ರತಿಯೊಂದು ದೇಶವೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬೇಕು, ಸೇನಾಬಲ ಅದರಲ್ಲಿ ಒಂದು. ಈ ವಿಧಿ ಇಲ್ಲಿಯವರೆಗೆ ಜಾರಿಗೆ ಬಂದಿರುವುದು ಒಂದೇ ಸಲ, 2001ರ ಸೆಪ್ಟೆಂಬರ್‌ 11ರ ದಾಳಿಯ ನಂತರ.

ಉಕ್ರೇನ್‌ ವಿಷಯದಲ್ಲಿ ಬಳಕೆಯಾದದ್ದು 4ನೇ ವಿಧಿ. ಯಾವುದೇ ಸದಸ್ಯನಿಗೆ ಅಪಾಯ ಕಂಡರೆ ಎಲ್ಲರನ್ನೂ ಸಮಾಲೋಚನೆಗೆ ಕರೆಯಬಹುದು ಎನ್ನುವ ವಿಧಿ ಅದು. ದಾಳಿಯ ದಿನವೇ ಪೋಲೆಂಡ್‌, ಮೂರು ಬಾಲ್ಟಿಕ್‌ ದೇಶಗಳು, ರೊಮೇನಿಯಾ ಸೇರಿ ಎಂಟು ದೇಶಗಳು ಹಾಗೆ ಕರೆದವು. ಉಕ್ರೇನ್‌ಗೆ ಹೋದ ಹಣ, ಮದ್ದುಗುಂಡು, ಟ್ಯಾಂಕು ಎಲ್ಲವೂ ಬಾಕಿಯ ಲೆಕ್ಕಕ್ಕೆ ಸೇರದ, ಮನಸ್ಸಿನ ಮಾತಿಗೆ ಸೇರಿದ ನೆರವು. ಜನಾಭಿಪ್ರಾಯಕ್ಕೆ ಇಷ್ಟು ತೂಕ ಬಂದಿರುವುದು ಇದರಿಂದಲೇ. ಕಾನೂನಿನ ಒತ್ತಾಯ ಇಲ್ಲದ ಕಡೆ ಮತದಾರರ ಒತ್ತಾಯವೇ ಉಳಿಯುತ್ತದೆ.

ಒಂದು ಪದ, ಹಲವು ಮೆಟ್ಟಿಲು

ಯುರೋಪಿಯನ್‌ ಒಕ್ಕೂಟ ತನ್ನ ಎಲ್ಲ ಸದಸ್ಯ ದೇಶಗಳಲ್ಲಿ ಯೂರೊಬಾರೊಮೀಟರ್‌ ಎಂಬ ಸಮೀಕ್ಷೆ ನಡೆಸುತ್ತದೆ. 2022ರ ಏಪ್ರಿಲ್‌ನಲ್ಲಿ ಅದು ನೆರವನ್ನು ಬಗೆಬಗೆಯಾಗಿ ವಿಂಗಡಿಸಿ ಕೇಳಿತು. ಆಹಾರ, ಔಷಧಿಯಂಥ ಮಾನವೀಯ ನೆರವಿಗೆ ಹೂಂ ಅಂದವರು ಶೇ 93. ಯುದ್ಧದಿಂದ ಓಡಿ ಬಂದವರನ್ನು ಒಳಗೆ ಬಿಟ್ಟುಕೊಳ್ಳಲು ಶೇ 88. ಹಣದ ನೆರವಿಗೂ ರಷ್ಯಾ ಮೇಲಿನ ಆರ್ಥಿಕ ನಿರ್ಬಂಧಕ್ಕೂ ಶೇ 80. ಶಸ್ತ್ರಾಸ್ತ್ರ ಖರೀದಿಗೆ ಒಕ್ಕೂಟವೇ ಹಣ ಹಾಕುವುದಕ್ಕೆ ಶೇ 67.

ಅಂಕಿಗಳು ಮೇಲಿಂದ ಕೆಳಕ್ಕೆ ಇಳಿಯುವ ಕ್ರಮ ನೋಡಿ. ಯುದ್ಧಕ್ಕೆ ಹತ್ತಿರ ಹೋದಷ್ಟೂ ಒಪ್ಪಿಗೆ ಕಡಿಮೆ. ದಾಳಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, ಬೂಚಾ ಪಟ್ಟಣದ ಬೀದಿಗಳಲ್ಲಿ ಬಿದ್ದಿದ್ದ ನಾಗರಿಕರ ಹೆಣಗಳನ್ನು ಜಗತ್ತು ಆಗಷ್ಟೇ ಕಂಡಿತ್ತು. ಅಂಥ ಹೊತ್ತಿನಲ್ಲೂ ಅನ್ನ ಕೊಡುವುದಕ್ಕೂ ಆಯುಧ ಕೊಡುವುದಕ್ಕೂ ನಡುವೆ 26 ಶೇಕಡಾ ಅಂಶಗಳ ಅಂತರವಿತ್ತು. ಆದ್ದರಿಂದ ‘ಯುರೋಪಿನ ಶೇ 93 ಜನ ಉಕ್ರೇನ್‌ ಪರ’ ಎಂಬ ಸಾಲನ್ನು ಆಯುಧದ ಚರ್ಚೆಗೆ ತಂದರೆ ಅದು ತಪ್ಪು ಬಳಕೆ. ನಿರಾಶ್ರಿತರ ಬಗ್ಗೆ ಬೇಸರ ಹೆಚ್ಚಿದೆ ಎಂಬ ಅಂಕಿಯನ್ನು ‘ರಷ್ಯಾ ಬಗ್ಗೆ ಮನಸ್ಸು ಮೆದುವಾಗಿದೆ’ ಎಂದು ಓದುವುದೂ ಅಷ್ಟೇ ತಪ್ಪು.

ಪೋಲೆಂಡ್‌ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿನ ಸಿಬಿಒಎಸ್‌ ಸಂಸ್ಥೆಯ ಸಮೀಕ್ಷೆಯಲ್ಲಿ ಉಕ್ರೇನ್‌ ನಿರಾಶ್ರಿತರಿಗೆ ಆಶ್ರಯ ಕೊಡಬೇಕು ಅಂದವರು 2022ರ ಮಾರ್ಚ್‌ನಲ್ಲಿ ಶೇ 94 ಇದ್ದರು, 2024ರ ಕೊನೆಯ ಹೊತ್ತಿಗೆ ಶೇ 53ಕ್ಕೆ ಇಳಿದರು. ನಡುವೆ ಉಕ್ರೇನಿನ ಅಗ್ಗದ ಧಾನ್ಯ ಬಂದು ಪೋಲೆಂಡಿನ ರೈತರ ಬೆಲೆ ಬಿತ್ತು, 2023ರ ಏಪ್ರಿಲ್‌ನಲ್ಲಿ ಸರ್ಕಾರ ಆ ಆಮದು ನಿಲ್ಲಿಸಿತು, ಲಾರಿಯವರೂ ರೈತರೂ ಗಡಿಯ ರಸ್ತೆ ತಡೆದರು. ಅದೇ ಪೋಲೆಂಡ್‌ 2024ರಲ್ಲಿ ತನ್ನ ಜಿಡಿಪಿಯ ಶೇ 4ಕ್ಕಿಂತ ಹೆಚ್ಚನ್ನು ರಕ್ಷಣೆಗೆ ಇಟ್ಟಿತು. ನ್ಯಾಟೊದಲ್ಲಿ ಆ ಪ್ರಮಾಣದಲ್ಲಿ ಖರ್ಚು ಮಾಡಿದವರು ಬೇರೆ ಯಾರೂ ಇರಲಿಲ್ಲ. ಬೆಳೆಯ ಬೆಲೆ ಕೆಡಿಸಿದವರ ಮೇಲೆ ಸಿಟ್ಟು, ಗಡಿಯಾಚೆಯ ಸೇನೆಯ ಬಗ್ಗೆ ಭಯ: ಎರಡೂ ಒಂದೇ ಎದೆಯಲ್ಲಿರಲು ಅಡ್ಡಿಯೇನಿಲ್ಲ.

ಫಿನ್‌ಲೆಂಡ್‌: ನಾಲ್ಕು ತಿಂಗಳಲ್ಲಿ ತಿರುಗಿದ ದೇಶ

ಜನಾಭಿಪ್ರಾಯ ಸಾಮಾನ್ಯವಾಗಿ ಬಂಡಿಯ ಹಾಗೆ, ನಿಧಾನವಾಗಿ ತಿರುಗುತ್ತದೆ. ಫಿನ್‌ಲೆಂಡಿನಲ್ಲಿ ಹಾಗಾಗಲಿಲ್ಲ. ಈ ಒಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಇಲ್ಲಿ ಜನ ಸರ್ಕಾರಕ್ಕಿಂತ ಮುಂದಿದ್ದರು.

ಫಿನ್‌ಲೆಂಡಿಗೂ ರಷ್ಯಾಕ್ಕೂ 1,340 ಕಿಲೋಮೀಟರ್‌ ಗಡಿ. 1939ರಲ್ಲಿ ಸೋವಿಯತ್‌ ಸೇನೆ ನುಗ್ಗಿದಾಗ ಫಿನ್ನರು ಹೆಚ್ಚುಕಡಿಮೆ ಒಂಟಿಯಾಗಿ ಕಾದಾಡಿದರು. ಸ್ವಾತಂತ್ರ್ಯ ಉಳಿಯಿತು, ಆದರೆ ನೆಲದ ಸುಮಾರು ಹತ್ತನೇ ಒಂದು ಭಾಗ ಹೋಯಿತು, 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಈಚೆಗೆ ಬಂದರು. ಆಮೇಲಿನ ದಶಕಗಳಲ್ಲಿ ಆ ದೇಶ ಕಂಡುಕೊಂಡ ದಾರಿ, ದೊಡ್ಡ ನೆರೆಯವನನ್ನು ಕೆಣಕದೆ ಇರುವುದು, ಆದರೆ ಸೇನಾ ಸಿದ್ಧತೆ ಬಿಡದಿರುವುದು. ಕಡ್ಡಾಯ ಸೇನಾ ತರಬೇತಿ ಎಂದೂ ನಿಲ್ಲಲಿಲ್ಲ. ನ್ಯಾಟೊ ಸೇರುವ ಮಾತು ಬಂದರೆ ಮಾತ್ರ ಜನ ತಲೆ ಅಲ್ಲಾಡಿಸುತ್ತಿದ್ದರು.

2022ರ ಜನವರಿಯಲ್ಲಿ, ರಷ್ಯಾದ ಪಡೆಗಳು ಉಕ್ರೇನ್‌ ಗಡಿಯಲ್ಲಿ ಜಮಾಯಿಸಿದ್ದಾಗ, ಒಂದು ಪತ್ರಿಕೆಯ ಸಮೀಕ್ಷೆಯಲ್ಲಿ ನ್ಯಾಟೊ ಪರ ಇದ್ದವರು ಶೇ 28. ಫೆಬ್ರುವರಿ ಕೊನೆಯಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಯೂಲೆ ಕೇಳಿಸಿದಾಗ ಶೇ 53. ಮಾರ್ಚ್‌ ಮಧ್ಯಕ್ಕೆ ಶೇ 62. ಮೇ 9ರಂದು ಪ್ರಕಟವಾದ ಸಮೀಕ್ಷೆಯಲ್ಲಿ ಶೇ 76, ವಿರೋಧ ಬರೀ ಶೇ 12. ಜನಮತಗಣನೆ ನಡೆಸಿ ಎಂಬ ನಾಗರಿಕರ ಅರ್ಜಿಗೆ ಸಂಸತ್ತಿನ ಚರ್ಚೆಗೆ ಬೇಕಾದ 50,000 ಸಹಿ ಕೆಲವೇ ದಿನಗಳಲ್ಲಿ ಬಿದ್ದವು. ಮೇ 17ರಂದು ನ್ಯಾಟೊ ಸೇರುವುದನ್ನು ಸಂಸತ್ತು 188–8 ಮತಗಳಿಂದ ಒಪ್ಪಿತು, ಮರುದಿನ ಸ್ವೀಡನ್‌ ಜೊತೆಗೆ ಅರ್ಜಿ ಹೋಯಿತು. 2023ರ ಏಪ್ರಿಲ್‌ 4ರಂದು ಫಿನ್‌ಲೆಂಡ್‌ 31ನೇ ಸದಸ್ಯನಾಯಿತು.

ತಿರುವು ಇಷ್ಟು ಬೇಗ ಬಂದದ್ದು ಯಾಕೆ? ಬೇಕಾದ ಸಾಮಗ್ರಿಯೆಲ್ಲ ಮೊದಲೇ ಕೂಡಿತ್ತು. ಒಂಟಿಯಾಗಿ ಹೋರಾಡಿದ ನೆನಪು ಪ್ರತಿ ಕುಟುಂಬದಲ್ಲೂ ಇತ್ತು. ‘ಬೇಕಾದಾಗ ಸೇರಬಹುದು’ ಎಂಬ ಆಯ್ಕೆಯನ್ನು ಸರ್ಕಾರಗಳು ವರ್ಷಗಳಿಂದ ತೆರೆದಿಟ್ಟಿದ್ದವು. ನೆರೆಯವನನ್ನು ಕೆಣಕದಿದ್ದರೆ ಅವನೂ ಸುಮ್ಮನಿರುತ್ತಾನೆ ಎಂಬ ಹಳೆಯ ಲೆಕ್ಕ ಫೆಬ್ರುವರಿ 24ರಂದು ಮುರಿಯಿತು. ಫಿನ್ನರು ಉಕ್ರೇನ್‌ನಲ್ಲಿ ಕಂಡದ್ದು ಇದನ್ನೇ: ಕೂಟದ ಹೊರಗಿರುವವನಿಗೆ ಸಹಾನುಭೂತಿ ಸಿಗುತ್ತದೆ, ಆಯುಧವೂ ಸಿಗುತ್ತದೆ, ಸೈನಿಕರು ಬರುವುದಿಲ್ಲ. ಅಂದರೆ ಆ ಶೇ 76 ಉಕ್ರೇನ್‌ಗೆ ಕೊಡುವ ನೆರವಿನ ಅಳತೆಯಲ್ಲ, ತಮ್ಮ ಮನೆಗೆ ತಾವೇ ಬೇಲಿ ಹಾಕಿಕೊಳ್ಳುವ ತೀರ್ಮಾನ. ಸ್ವೀಡನ್ನಿನಲ್ಲಿ ‘ಫಿನ್‌ಲೆಂಡ್‌ ಸೇರುವುದಾದರೆ ನಾವೂ ಸೇರಬೇಕೇ’ ಎಂದು ಕೇಳಿದಾಗ ಹೂಂ ಅನ್ನುವವರ ಸಂಖ್ಯೆ ಏರುತ್ತಿದ್ದದ್ದೂ ಇದೇ ಕಾರಣಕ್ಕೆ. ಟರ್ಕಿ ಮತ್ತು ಹಂಗರಿಯ ಒಪ್ಪಿಗೆ ತಡವಾಗಿ, ಸ್ವೀಡನ್‌ ಸೇರಿದ್ದು 2024ರ ಮಾರ್ಚ್‌ 7ರಂದು.

ಗಡಿಯ ದೂರವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ ಎಂಬುದಕ್ಕೆ ನೆದರ್‌ಲೆಂಡ್ಸ್‌ ನೋಡಬೇಕು. 2014ರ ಜುಲೈನಲ್ಲಿ ಪೂರ್ವ ಉಕ್ರೇನಿನ ಮೇಲೆ ಹಾರುತ್ತಿದ್ದ ಮಲೇಷ್ಯಾದ ಎಂಎಚ್‌17 ವಿಮಾನವನ್ನು ಕ್ಷಿಪಣಿ ಹೊಡೆದುರುಳಿಸಿತು. ಸತ್ತ 298 ಜನರಲ್ಲಿ ಹೆಚ್ಚಿನವರು ಡಚ್ಚರು. ಅಷ್ಟಾದರೂ 2016ರ ಏಪ್ರಿಲ್‌ನಲ್ಲಿ ಉಕ್ರೇನ್‌ ಜೊತೆಗಿನ ಯುರೋಪಿಯನ್‌ ಒಕ್ಕೂಟದ ಸಹಯೋಗ ಒಪ್ಪಂದದ ಬಗ್ಗೆ ಅಲ್ಲಿ ಜನಮತಗಣನೆ ನಡೆದಾಗ ಶೇ 61 ಮತ ‘ಬೇಡ’ ಎಂದು ಬಿತ್ತು. ಮತ ಹಾಕಿದವರು ಮೂರನೇ ಒಂದಕ್ಕಿಂತ ಕಡಿಮೆ, ಶೇ 32 ಮಾತ್ರ. ಅದೇ ನೆದರ್‌ಲೆಂಡ್ಸ್‌ ಮುಂದೆ ಉಕ್ರೇನ್‌ಗೆ ಎಫ್‌–16 ಯುದ್ಧವಿಮಾನ ಕೊಟ್ಟ ದೇಶಗಳಲ್ಲಿ ಒಂದಾಯಿತು.

ಸಾವಿರ ಜನರನ್ನು ಕೇಳಿ ಕೋಟಿ ಜನರ ಮಾತು ಹೇಳುವುದು

ಹುಳಿಗೆ ಉಪ್ಪು ಸರಿಯಾಗಿದೆಯೇ ನೋಡಲು ಒಂದು ಸೌಟು ಸಾಕು. ಪಾತ್ರೆ ಮನೆಯದಾದರೂ ಮದುವೆಯದಾದರೂ ಸೌಟು ಅದೇ. ಷರತ್ತು ಒಂದೇ, ತಳದಿಂದ ಕಲಕಿರಬೇಕು. ಸಮೀಕ್ಷೆಯಲ್ಲಿ ಈ ಕಲಕುವ ಕೆಲಸಕ್ಕೆ ಸಮನಾದದ್ದು ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸುವುದು. ಹಾಗೆ ಆರಿಸಿದ 1,000 ಜನರ ಉತ್ತರದಲ್ಲಿ ಹೆಚ್ಚೆಂದರೆ 3 ಅಂಶ ಆಚೀಚೆ ಆಗಬಹುದು. ಇದನ್ನು ದೋಷದ ಮಿತಿ ಅನ್ನುತ್ತಾರೆ. ನೂರು ಸಲ ಹೀಗೆ ಸಮೀಕ್ಷೆ ಮಾಡಿದರೆ 95 ಸಲ ನಿಜವಾದ ಅಂಕಿ ಈ ಮಿತಿಯೊಳಗೆ ಸಿಗುತ್ತದೆ ಎಂದು ಅರ್ಥ. ಮಿತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಜನರನ್ನು ಕೇಳಬೇಕು, ಖರ್ಚು ಅಷ್ಟಕ್ಕಷ್ಟು ಏರುತ್ತದೆ. ಬಹಳಷ್ಟು ಸಂಸ್ಥೆಗಳು ಸಾವಿರದ ಆಸುಪಾಸಿನಲ್ಲೇ ನಿಲ್ಲುವುದು ಅದಕ್ಕೇ.

ಪತ್ರಿಕೆಗಳು ಎಡವುವುದು ಇಲ್ಲೇ. 2023ರ ಜನವರಿ 25ರಂದು ಜರ್ಮನಿ ಉಕ್ರೇನ್‌ಗೆ ಲೆಪರ್ಡ್‌–2 ಟ್ಯಾಂಕ್‌ ಕೊಡಲು ಒಪ್ಪಿತು. ಕೆಲವೇ ದಿನ ಮುಂಚೆ ಅಲ್ಲಿನ ಎಆರ್‌ಡಿ ವಾಹಿನಿಯ ಸಮೀಕ್ಷೆಯಲ್ಲಿ ಪರ ಶೇ 46, ವಿರೋಧ ಶೇ 43. ‘ಜರ್ಮನರು ಟ್ಯಾಂಕ್‌ ಪರ’ ಎಂದು ಇದನ್ನು ಓದಲು ಬರುವುದಿಲ್ಲ. ಒಂದು ಕಡೆ 3 ಅಂಶ ಹೆಚ್ಚಾದರೆ ಅದು ಬಹುಮಟ್ಟಿಗೆ ಇನ್ನೊಂದು ಕಡೆಯಿಂದಲೇ ಕಿತ್ತು ಬಂದಿರುತ್ತದೆ. ಆದ್ದರಿಂದ ಸಾವಿರ ಜನರ ಮಾದರಿಯಲ್ಲಿ ಪರ–ವಿರೋಧಗಳ ನಡುವೆ ಸುಮಾರು 6 ಅಂಶ ಇದ್ದರೆ ಮಾತ್ರ ಮುನ್ನಡೆ ಅನ್ನಬಹುದು. ಜನವರಿಯ ಆ ಅಂಕಿಗಳು ಹೇಳಿದ್ದು ‘ಜರ್ಮನಿ ಇಬ್ಭಾಗವಾಗಿದೆ’ ಎಂದಷ್ಟೇ. ಪಶ್ಚಿಮ ಭಾಗದಲ್ಲಿ ಪರ, ಹಿಂದೆ ಸೋವಿಯತ್‌ ಹಿಡಿತದಲ್ಲಿದ್ದ ಪೂರ್ವ ಭಾಗದಲ್ಲಿ ವಿರೋಧ. ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, 500 ಕಿಲೋಮೀಟರ್‌ ದೂರ ಹೋಗಬಲ್ಲ ಟಾರಸ್‌ ಕ್ಷಿಪಣಿ ಕೊಡಬೇಕೇ ಎಂದು ಅದೇ ವಾಹಿನಿ ಕೇಳಿದಾಗ ಬೇಡ ಅಂದವರು ಶೇ 61. ಇದು ಅನುಮಾನಕ್ಕೆ ಎಡೆಯಿಲ್ಲದ ಉತ್ತರ.

ತಿಂಗಳಿಂದ ತಿಂಗಳಿಗೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಎರಡೂ ಸಮೀಕ್ಷೆಗಳಲ್ಲಿ ಆಚೀಚೆ ಇರುವುದರಿಂದ 4–5 ಅಂಶಕ್ಕಿಂತ ಕಡಿಮೆ ಏರಿಳಿತವನ್ನು ಸುದ್ದಿ ಮಾಡುವಂತಿಲ್ಲ. ಇನ್ನು, ಸಾವಿರ ಜನರೊಳಗಿಂದ ಒಂದು ಪಕ್ಷದ ಅಥವಾ ಒಂದು ವಯಸ್ಸಿನ 200 ಜನರನ್ನು ಹೆಕ್ಕಿ ‘ಯುವಜನರ ಒಲವು’ ಎಂದು ಬರೆದರೆ ದೋಷದ ಮಿತಿ 7 ಅಂಶಕ್ಕೆ ಏರಿರುತ್ತದೆ.

ಕಲಕದೆ ಎತ್ತಿದ ಸೌಟಿನ ಉದಾಹರಣೆಯೂ ಇದೆ. 2022ರ ಕೊನೆಯಲ್ಲಿ ಹಂಗರಿ ಸರ್ಕಾರ ರಷ್ಯಾ ಮೇಲಿನ ನಿರ್ಬಂಧಗಳ ಬಗ್ಗೆ ‘ರಾಷ್ಟ್ರೀಯ ಸಮಾಲೋಚನೆ’ ಹೆಸರಿನ ಪ್ರಶ್ನಾವಳಿಯನ್ನು ಮತದಾರರಿಗೆಲ್ಲ ಕಳಿಸಿತು. ಉತ್ತರಿಸಿದವರಲ್ಲಿ ಶೇ 97 ಜನ ನಿರ್ಬಂಧ ಬೇಡ ಅಂದರು ಎಂದು ಪ್ರಕಟಿಸಿತು. ಉತ್ತರಿಸಿದವರು ಸುಮಾರು 14 ಲಕ್ಷ, ಮತದಾರರು ಸುಮಾರು 80 ಲಕ್ಷ. ಸಾಮಾನ್ಯ ಸಮೀಕ್ಷೆಗಳಲ್ಲಿ ಸಿಗದಷ್ಟು ದೊಡ್ಡ ಸಂಖ್ಯೆ, ಆದರೂ ದೇಶದ ಅಭಿಪ್ರಾಯ ತಿಳಿಯಲು ನಿಷ್ಪ್ರಯೋಜಕ. ಉತ್ತರಿಸಿ ಕಳಿಸಿದವರು ತಾವಾಗಿ ಮುಂದೆ ಬಂದವರು, ಒಪ್ಪದವರು ಕಾಗದ ಮುಟ್ಟಿಯೇ ಇರುವುದಿಲ್ಲ. ಚೀಟಿ ಎತ್ತಿ ಆರಿಸಿದ ಸಾವಿರ ಜನ ತಾವಾಗಿ ಬಂದ 14 ಲಕ್ಷಕ್ಕಿಂತ ನಂಬಲರ್ಹರು.

ಖರ್ಚಿನ ಚೀಟಿ ಕೈಗೆ ಬಂದಾಗ

ಡೆನ್ಮಾರ್ಕ್‌ ದಶಕಗಳ ಕಾಲ ಯುರೋಪಿಯನ್‌ ಒಕ್ಕೂಟದ ರಕ್ಷಣಾ ಸಹಕಾರದಿಂದ ಹೊರಗಿತ್ತು. 2022ರ ಜೂನ್‌ 1ರಂದು ಜನಮತಗಣನೆ ನಡೆದು ಶೇ 66.9 ಮತ ಒಳಗೆ ಸೇರೋಣ ಎಂದು ಬಿತ್ತು. ಆರು ತಿಂಗಳ ನಂತರ ಅಲ್ಲಿನ ಸರ್ಕಾರ ರಕ್ಷಣಾ ವೆಚ್ಚಕ್ಕೆ ಹಣ ಹೊಂದಿಸಲು ಒಂದು ರಜಾದಿನ ರದ್ದು ಮಾಡಲು ಹೊರಟಿತು. ‘ಸ್ಟೋರ್‌ ಬೆದೆದಾ’ ಎಂಬ ಮಹಾ ಪ್ರಾರ್ಥನಾ ದಿನ, ಈಸ್ಟರ್‌ ಆದಮೇಲಿನ ನಾಲ್ಕನೇ ಶುಕ್ರವಾರ, 1686ರಿಂದ ನಡೆದುಬಂದ ರಜೆ. ಜನ ಒಂದು ದಿನ ಹೆಚ್ಚು ದುಡಿದರೆ ತೆರಿಗೆ ಹೆಚ್ಚು ಬರುತ್ತದೆ ಎಂಬುದು ಲೆಕ್ಕ. ರಕ್ಷಣೆ ಬೇಕು ಎಂದು ಮತ ಹಾಕಿದ ಅದೇ ದೇಶದಲ್ಲಿ 2023ರ ಫೆಬ್ರುವರಿಯಲ್ಲಿ ಹತ್ತಾರು ಸಾವಿರ ಜನ ಕೋಪನ್‌ಹೇಗನ್‌ ಬೀದಿಗಿಳಿದರು. ಕಾನೂನು ಪಾಸಾಯಿತು, 2024ರಿಂದ ಆ ರಜೆ ಇಲ್ಲ.

ಡೇನರು ಮನಸ್ಸು ಬದಲಿಸಲಿಲ್ಲ. ಮೊದಲ ಪ್ರಶ್ನೆಯಲ್ಲಿ ಬೆಲೆ ನಮೂದಾಗಿರಲಿಲ್ಲ, ಎರಡನೆಯದರಲ್ಲಿ ಬೆಲೆಯೇ ಪ್ರಶ್ನೆಯಾಗಿತ್ತು. ‘ರಕ್ಷಣೆಗೆ ಹೆಚ್ಚು ಖರ್ಚು ಮಾಡಬೇಕೇ’ ಎಂಬುದು ಒಂದು ಪ್ರಶ್ನೆ, ‘ಅದಕ್ಕಾಗಿ ತೆರಿಗೆ ಏರಿಸಬಹುದೇ, ಪಿಂಚಣಿ ಕಡಿಮೆ ಮಾಡಬಹುದೇ’ ಎಂಬುದು ಇನ್ನೊಂದು. ನ್ಯಾಟೊ ದೇಶಗಳು 2014ರಲ್ಲಿ ಜಿಡಿಪಿಯ ಶೇ 2ರ ಗುರಿ ಒಪ್ಪಿದ್ದವು, 2025ರ ಹೇಗ್‌ ಶೃಂಗಸಭೆಯಲ್ಲಿ ಶೇ 5ಕ್ಕೆ ಒಪ್ಪಿವೆ. ಈ ಎರಡನೇ ಪ್ರಶ್ನೆ ಇನ್ನು ಮುಂದೆ ಎಲ್ಲ ಕಡೆ ಏಳುತ್ತದೆ.

2022ರ ಚಳಿಗಾಲ ಇದರ ಮೊದಲ ಪರೀಕ್ಷೆಯಾಗಿತ್ತು. ಅದರ ಹಿಂದಿನ ವರ್ಷ ಜರ್ಮನಿ ಆಮದು ಮಾಡಿಕೊಂಡ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾದ್ದು. ಯೂರೊ ವಲಯದ ಹಣದುಬ್ಬರ ಅಕ್ಟೋಬರಿನಲ್ಲಿ ಶೇ 10.6 ಮುಟ್ಟಿತು. ಪ್ರಾಗ್‌ನಲ್ಲಿ ಸುಮಾರು 70,000 ಜನ ಬೆಲೆಯೇರಿಕೆ ವಿರುದ್ಧ ಸೇರಿದರು. ಬೆಂಬಲ ಸವೆಯಿತು, ಮುರಿಯಲಿಲ್ಲ.

ಬೆಲೆಯ ಬಿಸಿ ನಮ್ಮ ಅಡುಗೆಮನೆಗೂ ತಟ್ಟಿತ್ತು. ಭಾರತಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು. ಖಾರ್ಕಿವ್‌ನಲ್ಲಿ ಓದುತ್ತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್‌ 1ರ ಶೆಲ್‌ ದಾಳಿಯಲ್ಲಿ ಜೀವ ಕಳೆದುಕೊಂಡದ್ದನ್ನು ಕರ್ನಾಟಕ ಮರೆತಿಲ್ಲ. ಆದರೆ ಭಾರತ ಈ ಮಿತ್ರಕೂಟದಲ್ಲಿಲ್ಲ. ಮರುದಿನ ವಿಶ್ವಸಂಸ್ಥೆಯಲ್ಲಿ ರಷ್ಯಾವನ್ನು ಖಂಡಿಸುವ ನಿರ್ಣಯಕ್ಕೆ 141 ದೇಶಗಳು ಪರ ಮತ ಹಾಕಿದಾಗ ಭಾರತವೂ ಸೇರಿ 35 ದೇಶಗಳು ತಟಸ್ಥವಾಗಿದ್ದವು. ಇಲ್ಲಿನ ಅಭಿಪ್ರಾಯವನ್ನು ಯುರೋಪಿನ ಅಂಕಿಗಳ ಪಕ್ಕ ಇಟ್ಟು ಹೋಲಿಸಲಾಗದು, ಪ್ರಶ್ನೆಯೇ ಬೇರೆ.

ಜನರ ಮಾತು ಸರ್ಕಾರದ ಕೆಲಸವಾಗುವ ದಾರಿ

ಬಹುಮತ ಇದ್ದೆಡೆ ನೆರವು ಹರಿಯುತ್ತದೆ, ಇಲ್ಲದೆಡೆ ನಿಲ್ಲುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ಪ್ಯೂ ಅಂಕಿಗಳನ್ನೇ ಪಕ್ಷವಾರು ಒಡೆದು ನೋಡಿ. ನೆರವು ಅತಿಯಾಯಿತು ಅಂದ ರಿಪಬ್ಲಿಕನ್‌ ಬೆಂಬಲಿಗರು 2022ರ ಮಾರ್ಚ್‌ನಲ್ಲಿ ಶೇ 9, 2023ರ ಡಿಸೆಂಬರಿನಲ್ಲಿ ಶೇ 48. ಡೆಮಾಕ್ರಟಿಕ್‌ ಬೆಂಬಲಿಗರಲ್ಲಿ ಆಗ ಹಾಗೆ ಅಂದವರು ಶೇ 16 ಮಾತ್ರ. ದೇಶದ ಸರಾಸರಿ ನೋಡಿದರೆ ಮಧ್ಯಮ ಮಟ್ಟದ ಇಳಿಕೆ, ಒಂದು ಪಕ್ಷದೊಳಗೆ ನೋಡಿದರೆ ತಿರುಗುಮುರುಗು. ಆ ಪಕ್ಷದ ಸಂಸದನೊಬ್ಬ ಹೆದರುವುದು ದೇಶದ ಸರಾಸರಿಗಲ್ಲ, ತನ್ನನ್ನು ಅಭ್ಯರ್ಥಿಯಾಗಿ ಆರಿಸುವ ಸ್ವಂತ ಪಕ್ಷದ ಮತದಾರರಿಗೆ. ಸುಮಾರು 61 ಶತಕೋಟಿ ಡಾಲರ್‌ ನೆರವಿನ ಮಸೂದೆ ತಿಂಗಳುಗಟ್ಟಲೆ ಕೆಳಮನೆಯಲ್ಲಿ ಕೊಳೆತದ್ದು ಈ ಕಾರಣಕ್ಕೆ. 2024ರ ಏಪ್ರಿಲ್‌ 20ರಂದು ಅದು 311–112ರಿಂದ ಪಾಸಾದಾಗ ವಿರೋಧದ 112 ಮತಗಳೂ ರಿಪಬ್ಲಿಕನ್ನರವು, ಆ ಪಕ್ಷದಿಂದ ಪರವಾಗಿ ಬಿದ್ದದ್ದು 101. ಆ ತಿಂಗಳುಗಳಲ್ಲಿ ಉಕ್ರೇನಿನ ತೋಪುಗಳಿಗೆ ಮದ್ದುಗುಂಡು ಸಾಲದೆ ಹೋಯಿತು, ಫೆಬ್ರುವರಿಯಲ್ಲಿ ಅವ್‌ದೀವ್ಕಾ ಪಟ್ಟಣ ಕೈತಪ್ಪಿತು.

ಸ್ಲೊವಾಕಿಯಾದಲ್ಲಿ ಇನ್ನೂ ಚಿಕ್ಕ ಗುಂಪು ದೊಡ್ಡ ತಿರುವು ತಂದಿತು. 2023ರ ಸೆಪ್ಟೆಂಬರ್‌ ಚುನಾವಣೆಯಲ್ಲಿ ಉಕ್ರೇನ್‌ಗೆ ಒಂದು ಗುಂಡನ್ನೂ ಕಳಿಸುವುದಿಲ್ಲ ಎಂದು ಪ್ರಚಾರ ಮಾಡಿದ ರಾಬರ್ಟ್‌ ಫಿಟ್ಸೊ ಅವರ ಪಕ್ಷಕ್ಕೆ ಬಿದ್ದದ್ದು ಸುಮಾರು ಶೇ 23 ಮತ. ಮೈತ್ರಿ ಕಟ್ಟಿ ಸರ್ಕಾರ ಮಾಡಲು ಅಷ್ಟು ಸಾಕಾಯಿತು, ಸೇನೆಯ ದಾಸ್ತಾನಿನಿಂದ ಕೊಡುವುದು ನಿಂತಿತು. ಖಾಸಗಿ ಕಾರ್ಖಾನೆಗಳ ಮಾರಾಟ ಮಾತ್ರ ಮುಂದುವರಿಯಿತು.

‘ಬೇಕು’ ಮತ್ತು ‘ಆಗುತ್ತದೆ’

ಕೊನೆಯದಾಗಿ ಬಿಡಿಸಬೇಕಾದ ಗಂಟು ಇದು. ಯುರೋಪಿಯನ್‌ ಕೌನ್ಸಿಲ್‌ ಆನ್‌ ಫಾರಿನ್‌ ರಿಲೇಷನ್ಸ್‌ ಎಂಬ ಚಿಂತಕರ ಚಾವಡಿ 2024ರ ಜನವರಿಯಲ್ಲಿ ಒಕ್ಕೂಟದ 12 ದೇಶಗಳಲ್ಲಿ ಯುದ್ಧ ಹೇಗೆ ಮುಗಿಯಬಹುದು ಎಂದು ಕೇಳಿಸಿತು. ಉಕ್ರೇನ್‌ ಗೆಲ್ಲುತ್ತದೆ ಅಂದವರು ಸರಾಸರಿ ಶೇ 10, ರಷ್ಯಾ ಗೆಲ್ಲುತ್ತದೆ ಅಂದವರು ಶೇ 20, ಒಪ್ಪಂದದಲ್ಲಿ ಮುಗಿಯುತ್ತದೆ ಅಂದವರು ಶೇ 37. ‘ಹತ್ತರಲ್ಲಿ ಒಬ್ಬ ಮಾತ್ರ ಉಕ್ರೇನ್‌ ಪರ’ ಎಂದು ಈ ಅಂಕಿ ಹರಿದಾಡಿತು. ಕೇಳಿದ್ದು ಏನಾಗಬೇಕು ಎಂದಲ್ಲ, ಏನಾದೀತು ಎಂದು. ಮಳೆ ಬರುವುದಿಲ್ಲ ಅನ್ನಿಸಿದ ರೈತ ಮಳೆ ಬೇಡ ಅಂದಂತಲ್ಲ.

ಆದರೆ ಎರಡಕ್ಕೂ ನಂಟಿಲ್ಲ ಎಂದೂ ಅಲ್ಲ. ಗೆಲುವು ಸಾಧ್ಯವಿಲ್ಲ ಅನ್ನಿಸಿದ ಮೇಲೆ ಆಯುಧಕ್ಕೆ ಹಣ ಸುರಿಯುವುದು ವ್ಯರ್ಥ ಅನ್ನಿಸತೊಡಗುತ್ತದೆ. ಆಯುಧ ತಡವಾದರೆ ಗೆಲುವು ಇನ್ನಷ್ಟು ದೂರವಾಗುತ್ತದೆ, ಮುಂದಿನ ಸಮೀಕ್ಷೆಯಲ್ಲಿ ಅನುಮಾನ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಹೊಸ ಅಂಕಿ ಕಣ್ಣಿಗೆ ಬಿದ್ದಾಗ ಶೇಕಡಾವಾರು ನೋಡುವ ಮುಂಚೆ ಪ್ರಶ್ನೆಯ ಪೂರ್ತಿ ವಾಕ್ಯ ಹುಡುಕಿ: ಯಾವ ನೆರವು, ಯಾರ ದುಡ್ಡು, ‘ಬೇಕೇ’ ಎಂದು ಕೇಳಿದರೋ ‘ಆದೀತೇ’ ಎಂದೋ. ನಂಬಿಕೆಗೆ ಅರ್ಹವಾದ ಸಂಸ್ಥೆಗಳು ಆ ವಾಕ್ಯವನ್ನೂ, ಕೇಳಿದ ದಿನಾಂಕವನ್ನೂ, ಎಷ್ಟು ಜನರನ್ನು ಹೇಗೆ ಆರಿಸಿದರು ಎಂಬುದನ್ನೂ ವರದಿಯ ಕೊನೆಯಲ್ಲಿ ಕೊಟ್ಟಿರುತ್ತವೆ.